ಸಬ್ರಿ ಮೇಷ್ಟ್ರ ಕೈ

ಈ ಸಲ ತಾನು ಸಾಯುವುದು ಊಟಕ್ಕೆ ಮುಂಚೆಯೋ ಊಟದ ಮೇಲೋ ಎಂದು ಅದೀಬ್ ಎರಡನೇ ಸಲ ಕೇಳಿದ್ದಕ್ಕೆ ನಿರ್ದೇಶಕಿ ನೋಗಾ ನಕ್ಕುಬಿಟ್ಟಳು. "ಸಾಯೋದಕ್ಕೂ ಇಷ್ಟು ಅವಸರವಾ ನಿಮಗೆ? ಬೇರೆಯವರು ಇನ್ನೊಂದು ಕಂತು ಬದುಕಿಸಿ ಅಂತ ನನ್ನ ಕಾಲು ಹಿಡೀತಾರೆ" ಎಂದಳು. ಅವನೂ ನಕ್ಕ. ನಕ್ಕ ಕೂಡಲೇ ಮೇಲ್ದುಟಿಗೆ ಆಗಷ್ಟೇ ಅಂಟಿಸಿದ್ದ ನರೆಮೀಸೆ ಚರ್ಮವನ್ನು ಎಳೆಯಿತು, ಮೇಕಪ್ಪಿನ ಹೆಂಗಸು ಅವನ ಗಲ್ಲ ಹಿಡಿದು ನೆಟ್ಟಗೆ ಮಾಡಿದಳು. ಊಟಕ್ಕೆ ಮುಂಚೆ ಸತ್ತರೆ ಮಧ್ಯಾಹ್ನವೇ ಯಾಫಾ ಬಿಡಬಹುದು. ದಾರಿ ಸಲೀಸಾಗಿದ್ದರೆ ಸಂಜೆಯ ನಮಾಜಿಗೆ ಮೊದಲು ಗಲಿಲಿಯ ಬೆಟ್ಟ ಹತ್ತಿ ಊರು ಸೇರಬಹುದು. ಊರಿನಲ್ಲಿ ಅವನ ಚಿಕ್ಕಪ್ಪ ಸಬ್ರಿ ಮೇಷ್ಟ್ರು ತೀರಿಕೊಂಡಿದ್ದರು. ಇವತ್ತು ಮೂರನೇ ದಿನ, ಜನ ಸಾವಿನ ಮನೆಗೆ ಬಂದು ಕೂರುವ ಕೊನೆಯ ದಿನ. ಮೊದಲ ದಿನ ಶೂಟಿಂಗ್ ಇದೆ ಎಂದು ತಪ್ಪಿಸಿಕೊಂಡಿದ್ದ. ಎರಡನೇ ದಿನವೂ ಶೂಟಿಂಗ್ ಇದೆ ಎಂದು ಹೇಳಿಕಳಿಸಿದ್ದ. ಎರಡನೇ ದಿನ ಶೂಟಿಂಗ್ ಇರಲಿಲ್ಲ. ಹೈಫಾದ ಮನೆಯಲ್ಲಿ ಸೋಫಾದ ಮೇಲೆ ಬಿದ್ದುಕೊಂಡು ಚಾವಣಿ ನೋಡುತ್ತಿದ್ದ.

ಇದನ್ನು ನೋಗಾಳ ಕಿವಿಗೆ ಹಾಕಿದ್ದರೆ ಅವಳು ಆ ಕ್ಷಣವೇ ರಜೆ ಕೊಡುತ್ತಿದ್ದಳು. ಒಳ್ಳೆಯ ಹುಡುಗಿ, ಅದರಲ್ಲಿ ಎರಡು ಮಾತಿಲ್ಲ. ಅವನ ಕೈ ಹಿಡಿದುಕೊಂಡು ಕಣ್ಣು ತುಂಬಿಕೊಳ್ಳುತ್ತಿದ್ದಳು. ಆಮೇಲೆ, ಕಣ್ಣು ಒರೆಸಿಕೊಂಡಾದ ಮೇಲೆ, "ಮೂರನೇ ದಿನ ನಿಮ್ಮಲ್ಲಿ ಏನು ಮಾಡ್ತಾರೆ?" ಎಂದು ಕೇಳುತ್ತಿದ್ದಳು. ಅವನು ಹೇಳುತ್ತಿದ್ದ. ಅವಳು ಕೇಳುತ್ತಾಳೆಂಬ ಭಯಕ್ಕಿಂತ ತಾನು ಹೇಳಿಬಿಡುತ್ತೇನೆಂಬ ಭಯವೇ ಅದೀಬನಿಗೆ ದೊಡ್ಡದಾಗಿತ್ತು. ಬಾಯಿ ಮುಚ್ಚಿಕೊಂಡು ಕನ್ನಡಿ ನೋಡಿದ. ಕನ್ನಡಿಯಲ್ಲಿ ಚಿಕ್ಕಪ್ಪ ಕೂತಿದ್ದರು. ಅದೇ ಕತ್ತರಿಸಿದ ಮೀಸೆ, ಕಿವಿಯ ಮೇಲೆ ಅದೇ ಬೂದಿಬಣ್ಣದ ಕೂದಲು, ಅಂಗಿಯ ಜೇಬಿನಲ್ಲಿ ಮುಚ್ಚಳವಿಲ್ಲದ ಪೆನ್ನು. ಎರಡು ವರ್ಷದ ಕೆಳಗೆ ಈ ಪಾತ್ರ ಕೈಗೆ ಬಂದಾಗ ಅವನೇ ಹುಡುಕಿ ಹುಡುಕಿ ಕಟ್ಟಿದ ಮುಖ ಅದು. ಚಿಕ್ಕಪ್ಪ ಕೆಮ್ಮುವ ಮೊದಲು ಎಡಗೈಯಿಂದ ಎದೆ ಮುಟ್ಟಿಕೊಳ್ಳುತ್ತಿದ್ದುದನ್ನು ಸಹ ಬಿಟ್ಟಿರಲಿಲ್ಲ. ಇಷ್ಟು ದಿನ ಅದು ವೇಷವಾಗಿತ್ತು. ಇವತ್ತು ಮೂಲ ಮಣ್ಣಿನಲ್ಲಿತ್ತು, ನಕಲು ಕುರ್ಚಿಯ ಮೇಲಿತ್ತು, ಕುರ್ಚಿಯ ಮೇಲಿದ್ದದ್ದು ಕೆಮ್ಮಲು ಹೆದರುತ್ತಿತ್ತು.

ಬೇಹುಗಾರರ ಹೀಬ್ರೂ ಧಾರಾವಾಹಿ ಅದು. ನಮ್ಮ ಅರಬ್ಬಿ ನಟರಿಗೆ ಇಂಥದ್ದರಲ್ಲಿ ಮೂರೇ ಪಾತ್ರ, ಇದು ಇಡೀ ಹೈಫಾಕ್ಕೆ ಗೊತ್ತು: ಬಾಂಬು ಇಡುವವನು, ಬಾಂಬು ಇಡುವವನ ಸುಳಿವು ಕೊಡುವವನು, ಇವರಿಬ್ಬರಿಗೂ ಕಾಫಿ ತಂದುಕೊಡುವವನು. ಅದೀಬ್ ಕೂದಲು ಕಪ್ಪಗಿದ್ದಷ್ಟು ಕಾಲ ಬಾಂಬು ಇಟ್ಟ, ಅಲ್ಲಲ್ಲಿ ನರೆತ ಮೇಲೆ ಸುಳಿವು ಕೊಡತೊಡಗಿದ. ಆದರೆ ಈ ಧಾರಾವಾಹಿ ಹಾಗಲ್ಲ ಎಂದಿದ್ದಳು ನೋಗಾ. ಇದರಲ್ಲಿ ಅರಬ್ಬಿ ಮಾತು ಅರ್ಧಕ್ಕರ್ಧ, ಬರೆಯುವವರಲ್ಲಿ ಒಬ್ಬ ನಿಮ್ಮವನು, ರೀತಿ ರಿವಾಜು ತಪ್ಪಾಗದ ಹಾಗೆ ನೋಡಿಕೊಳ್ಳಲು ನೀವಿದ್ದೀರಿ. ಮೊದಲ ಬರಹದಲ್ಲಿ ಒಂದು ದೃಶ್ಯವಿತ್ತು: ಹುಡುಗನೊಬ್ಬನ ಸುಳಿವು ಕೊಟ್ಟು ಸಾಯಿಸಿದ ಮುದುಕ ಅದೇ ಹುಡುಗನ ಸಾವಿನ ಮನೆಗೆ ಹೋಗುತ್ತಾನೆ, ಜನ ಅವನ ಮುಖಕ್ಕೆ ಉಗಿಯುತ್ತಾರೆ. ಅದೀಬನಿಗೆ ಮೈ ಉರಿದುಹೋಯಿತು. "ನಮ್ಮಲ್ಲಿ ಸಾವಿನ ಮನೆಗೆ ಬಂದವನಿಗೆ ಯಾರೂ ಉಗಿಯಲ್ಲ" ಎಂದ. "ಮತ್ತೇನು ಮಾಡ್ತಾರೆ?" "ಏನೂ ಮಾಡಲ್ಲ. ಸಾಲಾಗಿ ಕೂತಿರ್ತಾರೆ. ಮನೆಯವನು ಕಾಫಿ ಹೂಜಿ ಹಿಡ್ಕೊಂಡು ಒಬ್ಬೊಬ್ಬರಿಗೂ ಬಗ್ಗಿಸ್ತಾ ಬರ್ತಾನೆ. ಇವನ ಹತ್ರ ಬಂದಾಗ ಬಗ್ಗಿಸದೆ ಮುಂದಿನವನ ಹತ್ರ ಹೋಗ್ತಾನೆ. ಅಷ್ಟೇ." ಕೋಣೆಯಲ್ಲಿ ಇದ್ದವರೆಲ್ಲ ಸುಮ್ಮನಾದರು. ನೋಗಾ ಪೆನ್ನು ಕೆಳಗಿಟ್ಟಳು. ಆ ಮೌನ ಅದೀಬನಿಗೆ ಎಷ್ಟು ಹಿತವಾಯಿತೆಂದರೆ, ಯಾರೂ ಕೇಳದೆ ಇನ್ನೂ ಮುಂದಕ್ಕೆ ಹೋದ: "ಅವನ ಕೈ ಬಟ್ಟಲು ಇಸ್ಕೊಳ್ಳೋಕೆ ಮೇಲೆ ಬಂದಿರತ್ತೆ. ಹಾಗೇ ಖಾಲಿ ವಾಪಸ್ ಹೋಗತ್ತೆ. ಮೊಣಕಾಲ ಮೇಲೆ ಕೂತ್ಕೊಳ್ಳತ್ತೆ."

ಆ ಕೈ ಅವನು ಕಂಡ ಕೈ. ಹತ್ತು ವರ್ಷದವನಿದ್ದಾಗ ತಾಯಿಯ ತಂದೆ ತೀರಿಕೊಂಡಿದ್ದರು, ಅಜ್ಜನ ಮನೆಯ ಅಂಗಳದಲ್ಲಿ ಗಂಡಸರ ಸಾಲಿನಲ್ಲಿ ಸಬ್ರಿ ಚಿಕ್ಕಪ್ಪನ ಕಾಲ ಬಳಿ ಅವನು ಕುಕ್ಕರಗಾಲಿನಲ್ಲಿ ಕೂತಿದ್ದ. ಹೂಜಿ ಹಿಡಿದವನು ಸೋದರಮಾವ. ಸಾಲಿನಲ್ಲಿ ಒಂದೇ ಬಟ್ಟಲು, ಒಬ್ಬ ಕುಡಿದು ಕೊಟ್ಟ ಮೇಲೆ ಇನ್ನೊಬ್ಬನಿಗೆ. ಬಟ್ಟಲು ಚಿಕ್ಕಪ್ಪನವರೆಗೆ ಬಂತು, ಚಿಕ್ಕಪ್ಪನ ಕೈ ಎದೆಮಟ್ಟಕ್ಕೆ ಎದ್ದಿತು, ಮಾವ ಪಕ್ಕದವರತ್ತ ಸರಿದ. ಕೆಳಗೆ ಕೂತ ಹುಡುಗನಿಗೆ ಕಂಡದ್ದು ಇಷ್ಟೇ. ಆದರೆ ಇಡೀ ಸಾಲು ಉಸಿರು ಬಿಗಿಹಿಡಿದದ್ದು ಅವನಿಗೆ ತಿಳಿದಿತ್ತು. ಆ ವರ್ಷವೇ ಊರಿನ ಶಾಲೆಯಲ್ಲಿ ಮೂವರು ಮೇಷ್ಟ್ರನ್ನು ಕೆಲಸದಿಂದ ಕಿತ್ತು ಹಾಕಿದ್ದರು, ಇಬ್ಬರನ್ನು ಜೈಲಿಗೂ ಕಳಿಸಿದ್ದರು. ಯಾರೋ ಪೊಲೀಸರಿಗೆ ಹೆಸರು ಕೊಟ್ಟಿದ್ದರು. ಸಬ್ರಿ ಮೇಷ್ಟ್ರು ಮಾತ್ರ ಮಾರನೇ ದಿನವೂ ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಶಾಲೆಗೆ ಹೋದರು, ಲೆಕ್ಕ ಹೇಳಿಕೊಟ್ಟರು, ಬಂದರು. ಬೆಂಕಿ ಇಲ್ಲದೆ ಹೊಗೆ ಆಡುತ್ತದೆಯೇ ಎಂದು ಊರು ಮಾತಾಡಿತು, ಮಾತಾಡಿ ಮಾತಾಡಿ ಬೇಸತ್ತು ಬಿಟ್ಟಿತು. ನಲವತ್ತು ವರ್ಷದಲ್ಲಿ ಎಂಥ ಮಾತೂ ಸವೆಯುತ್ತದೆ. ಸವೆದು ಹೋದದ್ದಕ್ಕೆ ಅದೀಬ್ ಬಣ್ಣ ಬಳಿದು, ದೀಪ ಬಿಟ್ಟು, ಹಿಂದೆ ತಂತಿವಾದ್ಯ ಇಟ್ಟು ಪ್ರಪಂಚಕ್ಕೆ ತೋರಿಸಿದ.

ಪ್ರಪಂಚ ಮೆಚ್ಚಿತು. ಅವನ ಕೈಯನ್ನು ಮಾತ್ರ ಕತ್ತರಿಸಿ ತೆಗೆದ ಚಿತ್ರ ಪೋಸ್ಟರಿನ ಮೇಲೆ ಬಂತು. ಊರಿನಲ್ಲಿ ಅದನ್ನು ನೋಡದವರು ಯಾರೂ ಇರಲಿಲ್ಲ, ನೋಡಿ ಗುರುತಿಸದವರೂ ಇರಲಿಲ್ಲ. ಕಾಫಿ ಅಂಗಡಿಯಲ್ಲಿ ಸಬ್ರಿ ಮೇಷ್ಟ್ರು ಬಂದು ಕೂತರೆ ಪಕ್ಕದ ಕುರ್ಚಿ ಖಾಲಿಯಾಗುತ್ತಿತ್ತು ಎಂದು ಯಾರೋ ಹೇಳಿದರು. ಯಾವನೋ ಪೋಕರಿ ಅಂಗಡಿಯವನಿಗೆ "ಮೇಷ್ಟ್ರಿಗೆ ಕಾಫಿ ಕೊಡಬೇಡ್ರೋ, ಕ್ಯಾಮೆರಾ ಬಂದಿಲ್ಲ ಇನ್ನೂ" ಎಂದನಂತೆ. ಆಮೇಲೆ ಅವರು ಮನೆಯಿಂದ ಹೊರಡುವುದನ್ನೇ ಬಿಟ್ಟರು. ಅದೀಬ್ ಒಂದು ಸಲ ಫೋನ್ ಮಾಡಿದ್ದ. ಚಿಕ್ಕಪ್ಪ ಆರೋಗ್ಯ ಕೇಳಿದರು, ಹೆಂಡತಿ ಮಕ್ಕಳನ್ನು ಕೇಳಿದರು. ಕೊನೆಗೆ "ನೋಡಿದೆ. ಚೆನ್ನಾಗಿ ಮಾಡಿದೀಯ" ಎಂದರು. ಬೈದಿದ್ದರೆ ಅವನು ಏನಾದರೂ ಹೇಳಿಕೊಳ್ಳಬಹುದಿತ್ತು. ಬೈಯದವರ ಎದುರು ಮನುಷ್ಯ ಏನು ಮಾಡಬೇಕು?

"ಅದೀಬ್, ಒಂದೈದು ನಿಮಿಷ" ಎಂದು ನೋಗಾ ಕುರ್ಚಿ ಎಳೆದುಕೊಂಡು ಹತ್ತಿರ ಬಂದಳು. ಹೊರದೇಶದ ಯಾವುದೋ ಪತ್ರಿಕೆಯವರು ಅವನ ಎರಡು ಮಾತು ಕೇಳಿದ್ದಾರಂತೆ. "ಮೊದಲೆಲ್ಲ ನಮ್ಮ ಧಾರಾವಾಹಿಗಳಲ್ಲಿ ನಿಮ್ಮವರಿಗೆ ಮುಖವೇ ಇರ್ತಿರಲಿಲ್ಲ, ಮುಸುಕು ಇರ್ತಿತ್ತು. ಈಗ ಮುಖ ಇದೆ. ನೀವು ಕೊಟ್ಟ ಮುಖ. ಅದನ್ನೇ ಸ್ವಲ್ಪ ನಿಮ್ಮ ಮಾತಲ್ಲಿ ಹೇಳಿ, ಸಾಕು." ಅವಳು ನಂಬಿ ಹೇಳುತ್ತಿದ್ದಳು, ಅದೇ ಕಷ್ಟ. ಮುಖ ಯಾರದು ಅಂತ ಒಂದು ದಿನವಾದರೂ ಕೇಳಿದೆಯೇನೇ ಎಂಬ ಮಾತು ಅವನ ನಾಲಗೆಯ ತುದಿಗೆ ಬಂತು. ಬರಲಿ ಎಂದು ಬಾಯಿ ತೆರೆದರೆ ಬಂದದ್ದು ಬೇರೆ: "ನಮ್ಮ ಜನರನ್ನ ಮನುಷ್ಯರ ಹಾಗೆ ತೋರಿಸಿದೀರಿ. ಅಷ್ಟು ಸಾಕು ಅಂತ ಬರೆದುಬಿಡಿ." ಅವಳು ಬರೆದುಕೊಂಡಳು. ಬರೆದುಕೊಳ್ಳುವಾಗ ಹಲ್ಲಿನಲ್ಲಿ ಕೆಳತುಟಿ ಕಚ್ಚಿಕೊಳ್ಳುವುದು ಅವಳ ಅಭ್ಯಾಸ. ಇವಳನ್ನು ದ್ವೇಷಿಸಲು ಬಂದಿದ್ದರೆ ತನಗೆ ಎಷ್ಟೋ ಹಗುರವಾಗುತ್ತಿತ್ತು ಎಂದುಕೊಂಡ.

ಊಟಕ್ಕೆ ಮುಂಚೆಯೇ ಸತ್ತ. ಬಾಡಿಗೆಗೆ ಹಿಡಿದ ಹಳೇ ಮನೆಯ ಮೆಟ್ಟಿಲ ಮೇಲೆ, ಅಂಗಿಯ ಒಳಗೆ ಕೆಂಪು ನೀರಿನ ಚೀಲ ಕಟ್ಟಿಕೊಂಡು. ಗುಂಡು ಹೊಡೆಯುವವನು ನಜರೇತಿನ ಹುಡುಗ, ಇದೇ ಮೊದಲ ಕೆಲಸ, ಎರಡು ಸಲ ತಪ್ಪಿಸಿದ. ಮೂರನೇ ಸಲ ಅದೀಬ್ ಎದೆ ಹಿಡಿದು ಕುಸಿದಾಗ ಕೆನ್ನೆಗೆ ತಣ್ಣನೆಯ ಕಲ್ಲು ತಾಗಿತು. ಕಣ್ಣು ತೆರೆದೇ ಇರಬೇಕು ಎಂದಿದ್ದಳು ನೋಗಾ. ತೆರೆದೇ ಇಟ್ಟ. ಮೊನ್ನೆ ಚಿಕ್ಕಪ್ಪನ ಕಣ್ಣನ್ನು ಯಾರು ಮುಚ್ಚಿದರು, ಮಗ ಜುಹೇರನಾ, ಚಿಕ್ಕಮ್ಮನಾ ಎಂದು ಯೋಚಿಸುತ್ತ ಬಿದ್ದಿದ್ದ. ಚಿಕ್ಕಪ್ಪನನ್ನು ಕೊಲ್ಲುವುದು ಬಾಕಿಯಿತ್ತು, ಅದನ್ನೂ ಮುಗಿಸಿದೆ ಅನಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಪಾತ್ರ ಮುಗಿದವರಿಗೆ ಹಾಗೆ ತಟ್ಟುವುದು ವಾಡಿಕೆ.

ಮೀಸೆ ಕಿತ್ತ, ಮುಖ ತೊಳೆದ. ಕೂದಲಿನ ಬೂದಿಬಣ್ಣ ಎರಡು ಸಲ ತಲೆಗೆ ನೀರು ಹುಯ್ದುಕೊಂಡರೂ ಹೋಗಲಿಲ್ಲ. ಹೊತ್ತಾಗುತ್ತಿತ್ತು. ಕರಾವಳಿಯ ಹೆದ್ದಾರಿಯಲ್ಲಿ ಗಾಡಿಗಳು ತೆವಳುತ್ತಿದ್ದವು, ಅವನು ಕನ್ನಡಿಯಲ್ಲಿ ಆಗಾಗ ತಲೆ ನೋಡಿಕೊಳ್ಳುತ್ತ ಕರ್ಚೀಫಿನಿಂದ ಉಜ್ಜುತ್ತ ಹೋದ, ಮೇಲ್ದುಟಿಯಲ್ಲಿ ಅಂಟು ಉಳಿದು ಕೆಂಪಗೆ ಉರಿಯುತ್ತಿತ್ತು. ಇವತ್ತು ಜುಹೇರ್ ಬಟ್ಟಲು ಹಿಡಿದು ಬರುತ್ತಾನೆ. ಚಿಕ್ಕಪ್ಪನ ಮಗ, ಒಂದೇ ವಯಸ್ಸಿನವರು, ಒಂದೇ ಬೇಲಿ ಹಾರಿ ಹಣ್ಣು ಕದ್ದವರು. ಅವನು ನನ್ನನ್ನು ಬಿಟ್ಟು ಮುಂದೆ ಹೋಗುತ್ತಾನೆ, ಹೋಗಬೇಕು. ಅಫೂಲಾ ದಾಟುವಷ್ಟರಲ್ಲಿ ಆ ಭಯ ಬೇರೆ ರೂಪ ತಾಳಿತ್ತು. ಹೌದು, ಬಿಟ್ಟು ಹೋಗಲಿ, ಎಲ್ಲರ ಎದುರು ಹೋಗಲಿ ಎಂದು ಅವನು ಆಸೆಪಡತೊಡಗಿದ್ದ. ಅಷ್ಟಾದರೆ ಲೆಕ್ಕ ಚುಕ್ತಾ. ಹಾಗೆ ಆಸೆಪಡುವಾಗಲೂ ತನ್ನ ಕೈ ಯಾವ ಎತ್ತರಕ್ಕೆ ಬಂದು ಹೇಗೆ ಹಿಂದಿರುಗಬೇಕು ಎಂದು ಒಳಗಿನ ನಟ ಅಳೆಯುತ್ತಿದ್ದ, ಥೂ ನಿನ್ನ ಎಂದು ತನಗೆ ತಾನೇ ಉಗಿದುಕೊಂಡ.

ಅಂಗಳದ ಮೇಲೆ ತಾಡಪಾಲು ಕಟ್ಟಿ ಮೂರು ಕಡೆಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಅವನು ಒಳಗೆ ಕಾಲಿಟ್ಟಾಗ ಸಾಲಿನಲ್ಲಿದ್ದ ಒಬ್ಬ ಮುದುಕ "ಯಾ ರಬ್ಬ್, ದೇವರೇ" ಎಂದು ಅರ್ಧ ಎದ್ದ. ಯಾಕೆಂದು ಅದೀಬನಿಗೆ ತಕ್ಷಣ ತಿಳಿಯಿತು, ಕೈ ತಾನಾಗಿ ಬೂದಿಗೂದಲಿಗೆ ಹೋಯಿತು. ಜುಹೇರ್ ಬಾಗಿಲ ಬಳಿ ನಿಂತಿದ್ದ, ಮೂರು ದಿನದ ಗಡ್ಡ. "ಅವರ ಉಳಿದ ಆಯಸ್ಸು ನಿನಗಿರಲಿ" ಎಂದ ಅದೀಬ್. "ನಿನ್ನ ಆಯಸ್ಸೂ ಗಟ್ಟಿಯಿರಲಿ" ಎಂದ ಜುಹೇರ್. ಎಲ್ಲರಿಗೂ ಹೇಳುವ ಮಾತು, ಎಲ್ಲರಿಗೂ ಹೇಳುವ ದನಿ. ಹೆಂಗಸರು ಒಳಗಿನ ಕೋಣೆಯಲ್ಲಿದ್ದರು; ಅಂಗಳದ ಕಡೆಗೆ ಕಿಟಕಿ ತೆರೆದಿತ್ತು, ಕುರಾನು ಓದುವ ದನಿ ಬರುತ್ತಿತ್ತು, ಆ ದನಿಯ ನಡುವೆ ತಾಯಿಯ ಕೆಮ್ಮು ಕೇಳಿಸಿತು. ತಾಯಿ ವಜೀಹಾ ಇದೇ ಊರಿನಲ್ಲಿ ಮಗಳ ಜೊತೆ ಇರುತ್ತಾಳೆ. ಮೈದುನನ ಸಾವಿಗೆ ಮೂರು ದಿನವೂ ಬಂದು ಕೂತಿದ್ದಾಳೆ, ಮಗ ಈಗ ಬಂದಿದ್ದಾನೆ. ಔಷಧಿ ಅಂಗಡಿಯ ನಿಜಾರ್ ಸರಿದು ಜಾಗ ಮಾಡಿಕೊಟ್ಟ. "ಬನ್ನಿ ಉಸ್ತಾದ್, ಇಲ್ಲಿ ಕೂತ್ಕೊಳ್ಳಿ."

ಜುಹೇರ್ ಹೂಜಿ ಎತ್ತಿಕೊಂಡ. ಆ ತುದಿಯಿಂದ ಶುರು ಮಾಡಿದ. ಬಗ್ಗಿಸುವುದು, ಕೊಡುವುದು, ಅವರು ಎರಡು ಗುಟುಕು ಕುಡಿದು ಸಾಕೆಂದು ಬಟ್ಟಲು ಅಲ್ಲಾಡಿಸಿ ಹಿಂದಿರುಗಿಸುವುದು, ಮುಂದಿನವರು. ಇನ್ನು ನಾಲ್ಕು ಜನ, ಇನ್ನು ಇಬ್ಬರು. ಸಾಲಿನ ಮಾತು ನಿಂತುಹೋಗಿತ್ತು. ಆ ದೃಶ್ಯ ಇವರೆಲ್ಲರಿಗೂ ಬಾಯಿಪಾಠ. ಎಲ್ಲರೂ ಅವನ ಕೈಯನ್ನೇ ನೋಡುತ್ತಿದ್ದರು. ಅವನು ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡ. ಜುಹೇರ್ ಬಂದು ನಿಂತ. ಬಗ್ಗಿಸಿದ. ಬಟ್ಟಲನ್ನು ಅವನ ಮುಂದೆ ಹಿಡಿದ.

ತೆಗೆದುಕೊಂಡ ಅದೀಬ್ ಕುಡಿಯಲಿಲ್ಲ. ಏನೋ ಕೇಳಿಕೊಳ್ಳಲು ಬಂದ ಅತಿಥಿ ಕಾಫಿಯನ್ನು ಮುಟ್ಟದೆ ಇಡುತ್ತಾನೆ, ಮನೆಯವನು ಏನು ಬೇಕೆಂದು ಕೇಳಲೇಬೇಕು. ಹೆಣ್ಣು ಕೇಳುವವರೂ ಹಾಗೆ, ರಾಜಿಗೆ ಬರುವವರೂ ಹಾಗೆ. ಅವನು ಬಟ್ಟಲನ್ನು ಕಾಲ ಬಳಿ ನೆಲದ ಮೇಲಿಟ್ಟ. ಇದ್ದದ್ದು ಒಂದೇ ಬಟ್ಟಲು, ಸಾಲು ಅಲ್ಲಿಗೇ ನಿಂತಿತು. ಜುಹೇರ್ ಒಂದು ಗಳಿಗೆ ಅವನನ್ನೇ ನೋಡಿ, ಹೂಜಿ ಕೆಳಗಿಟ್ಟು, ಮಂಡಿಯೂರಿ ಕಿವಿಯ ಹತ್ತಿರ ಬಂದ. "ಏನು ಬೇಕು ಹೇಳು."

"ಮನ್ನಿಸ್ತೀನಿ ಅಂತ ಹೇಳು. ಚಿಕ್ಕಪ್ಪನ ಪರವಾಗಿ."

"ಅದು ನನ್ನ ಹತ್ರ ಇಲ್ಲ. ಬೇರೇದು ಇದೆ" ಎಂದ ಜುಹೇರ್, ಅವನಿಗಷ್ಟೇ ಕೇಳುವ ಹಾಗೆ. "ಹೋದ ವಾರ ಅಪ್ಪ ಹೇಳಿದ್ದು. ನಿಮ್ಮಜ್ಜನ ಮನೇಲಿ ಕೈ ಎತ್ತಿದ್ದು ಇಸ್ಕೊಳ್ಳೋಕಲ್ಲ ಕಣೋ, ಬೇಡ ಅನ್ನೋಕೆ. ಆ ಮನೆ ಕಾಫಿ ಅವನಿಗೆ ಇಳೀತಿರಲಿಲ್ಲ. ಮೂವರು ಮೇಷ್ಟ್ರ ಹೆಸರು ಕೊಟ್ಟಿದ್ದು ನಿಮ್ಮಜ್ಜ. ಮಗಳ ಮೈದುನ ಅಂತ ಅಪ್ಪನ ಹೆಸರು ಒಂದು ಬಿಟ್ಟ. ಆ ಬಿಟ್ಟಿದ್ದೇ ಅಪ್ಪನ ಕುತ್ತಿಗೆಗೆ ಬಂತು."

"ಯಾಕೆ ಹೇಳಲಿಲ್ಲ? ಇಷ್ಟು ವರ್ಷ?"

"ಒಳಗೆ ಕೂತಿದಾರಲ್ಲ ನಿಮ್ಮಮ್ಮ, ಅವರಿಗೆ ಗೊತ್ತಾಗಬಾರದು ಅಂತ. ನಿಂಗೂ ಹೇಳಬೇಡ ಅಂದಿದ್ದ. ನಾನು ಅಪ್ಪನಷ್ಟು ಒಳ್ಳೆಯವನಲ್ಲ." ಬಟ್ಟಲನ್ನು ನೆಲದಿಂದ ಎತ್ತಿ ಅವನ ಕೈಗಿಟ್ಟ. "ಈಗ ಕುಡಿ. ಜನ ಕಾಯ್ತಿದಾರೆ."

ಕುಡಿದ. ಏಲಕ್ಕಿಯ ಕಹಿ, ಅರ್ಧ ಆರಿತ್ತು. ಜುಹೇರ್ ಬಟ್ಟಲು ತೆಗೆದುಕೊಂಡು ನಿಜಾರನಿಗೆ ಬಗ್ಗಿಸಿದ, ಅವನ ಪಕ್ಕದವನಿಗೆ ಬಗ್ಗಿಸಿದ. ಎಲ್ಲರಿಗೂ ಕೊಟ್ಟ ಹಾಗೆ ನನಗೂ ಕೊಟ್ಟ, ಇನ್ನೇನೂ ಆಗಲಿಲ್ಲ, ಎದ್ದು ಹೋಗಬಹುದು ಎಂದು ಅದೀಬನಿಗೆ ಅನಿಸಿತು, ಆದರೂ ಕೂತೇ ಇದ್ದ. ಅಜ್ಜನ ಮುಖ ನೆನಪಿಸಿಕೊಳ್ಳಲು ನೋಡಿದ. ಅಜ್ಜ ಜೇಬಿನಿಂದ ಬಾದಾಮಿ ತೆಗೆದು ಕೊಡುತ್ತಿದ್ದರು. ಆ ಕೈ ನೆನಪಿತ್ತು, ಮುಖ ಬರಲಿಲ್ಲ. ಮುಖ ಇರಬೇಕಾದ ಕಡೆ ಚಿಕ್ಕಪ್ಪನ ಮೀಸೆ ಬಂದು ಕೂತುಕೊಳ್ಳುತ್ತಿತ್ತು. ಇನ್ನು ಮೇಲೆ ಯಾರು ನೆನೆದರೂ ಹೀಗೇ ಬರುತ್ತದೆ. ತಾನು ಸತ್ತ ಮೇಲೂ ಯಾವುದೋ ದೇಶದ ಯಾರೋ ಊಟ ಮಾಡುತ್ತ ಆ ಕೈ ನೋಡಿ ಅಯ್ಯೋ ಪಾಪ, ದ್ರೋಹಿಯಾದರೂ ಮನುಷ್ಯನಲ್ಲವೇ ಎನ್ನುತ್ತಾರೆ.

"ಉಸ್ತಾದ್, ತಪ್ಪು ತಿಳೀಬೇಡಿ" ಎಂದು ನಿಜಾರ್ ಬಗ್ಗಿದ. ಸಾವಿನ ಮನೆಯೆಂದು ದನಿ ತಗ್ಗಿಸಿದ್ದರೂ ಸಾಲಿಗೆಲ್ಲ ಕೇಳಿಸುತ್ತಿತ್ತು. "ಆ ಕಾಫಿ ದೃಶ್ಯ ಇದೆಯಲ್ಲ, ಅದು ನಿಜವಾಗ್ಲೂ ನಡೆದಿದ್ದಾ? ಊರಲ್ಲಿ ಜನ ಏನೇನೋ ಅಂತಾರೆ. ನೀವೇ ಹೇಳಿಬಿಟ್ರೆ..."

ಇಲ್ಲ, ಬರೀ ಕಥೆ ಎಂದರೆ ಆಗಿತ್ತು. ಆ ಮಾತನ್ನು ಎರಡು ವರ್ಷದ ಕೆಳಗೆ ಹೇಳಬೇಕಿತ್ತು, ಈಗ ಹೇಳಿದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಕಿಟಕಿಯ ಕಡೆ ನೋಡಿದ. ಪರದೆ ಅಲ್ಲಾಡುತ್ತಿತ್ತು. ತಾಯಿಗೆ ಎಂಬತ್ತು ದಾಟಿದೆ. ಅವಳ ಕೋಣೆಯಲ್ಲಿ ಈಗಲೂ ಅವಳ ಅಪ್ಪನ ಫೋಟೋ ಇದೆ. ಒಬ್ಬರ ಹೆಸರು ಉಳಿಯಬೇಕಾದರೆ ಇನ್ನೊಬ್ಬರದು ಹೋಗಬೇಕು, ಚಿಕ್ಕಪ್ಪ ತಮ್ಮದನ್ನೇ ಕೊಟ್ಟು ಸುಮ್ಮನಿದ್ದರು. ಮಾತಾಡಲು ಬಾಯಿ ತೆರೆದಾಗ ಬಂದದ್ದು ಕೊನೆಯ ಸಾಲಿಗೂ ಮುಟ್ಟುವ, ರಂಗದ ಮೇಲೆ ಪಳಗಿದ ದನಿ; ಬೇರೆ ದನಿ ಅವನ ಬಳಿ ಇರಲಿಲ್ಲ.

"ನಡೆದಿದ್ದೇ. ಆದ್ರೆ ನಾನು ಅದನ್ನ ತಿರುಗಾ ಮುರುಗಾ ಮಾಡ್ದೆ. ಅದು ನಮ್ಮ ತಾಯಿಯ ತಂದೆ ಮನೆ. ಅಲ್ಲಿ ಸಬ್ರಿ ಚಿಕ್ಕಪ್ಪಂಗೆ ಕಾಫಿ ತಪ್ಪಿಸಲಿಲ್ಲ. ಅವರೇ ಬೇಡ ಅಂದ್ರು. ಮೇಷ್ಟ್ರುಗಳ ಹೆಸರು ಕೊಟ್ಟಿದ್ದು ಅವರಲ್ಲ. ನಮ್ಮಜ್ಜ."

ಜುಹೇರನ ಹೂಜಿ ಗಾಳಿಯಲ್ಲಿ ನಿಂತಿತು. ನಿಜಾರ್ ಅವನನ್ನೇ ನೋಡುತ್ತಿದ್ದ, ನೋಡುತ್ತ ನೋಡುತ್ತ ಅವನ ಕಣ್ಣು ಒದ್ದೆಯಾಯಿತು, ಅಂಗೈಯಿಂದ ಒರೆಸಿಕೊಂಡ. "ಮೈಯೆಲ್ಲ ಜುಮ್ ಅಂತು ಉಸ್ತಾದ್" ಎಂದ. "ಇದು ಮುಂದಿನ ಭಾಗದಲ್ಲಿ ಬರತ್ತಾ?"

"ಸುಮ್ನಿರಯ್ಯ" ಎಂದ ಆ ಕಡೆಯವನು. "ಈಗ್ಲೇ ಹೇಳಿಸಿಬಿಟ್ರೆ ಆಮೇಲೆ ನೋಡೋರ್ಯಾರು?"

"ಇದು ಧಾರಾವಾಹಿ ಅಲ್ಲ" ಎಂದ ಅದೀಬ್. "ನಿಜ ಹೇಳ್ತಿದೀನಿ."

"ಹೌದು ಹೌದು" ಎಂದರು ಇಬ್ಬರು ಮೂವರು, ದೊಡ್ಡ ಮನುಷ್ಯರಿಗೆ ತೋರಿಸುವ ಮರ್ಯಾದೆಯಲ್ಲಿ. ಯಾರೋ ಮೆಲ್ಲಗೆ, ಕಥೆಗೆ ತಮ್ಮ ಅಜ್ಜನನ್ನೇ ಹಾಕ್ಕೊಂಡಿದಾರೆ ನೋಡು, ಎಂಥ ಎದೆಗಾರಿಕೆ ಎಂದರು. ಜುಹೇರ್ ನೆಲ ನೋಡುತ್ತಿದ್ದ. ಒಳಗೆ ಕುರಾನು ಓದುವ ದನಿ ಯಾವಾಗ ನಿಂತಿತೋ ಅದೀಬನಿಗೆ ಗೊತ್ತಾಗಲಿಲ್ಲ. ಬಾಗಿಲಲ್ಲಿ ತಾಯಿ ಕಾಣಿಸಿಕೊಂಡಳು, ಕಂಕುಳಲ್ಲಿ ಚೀಲ, ಕೈಯಲ್ಲಿ ಕೋಲು. ಗಂಡಸರು ಕೂತ ಅಂಗಳಕ್ಕೆ ಹೆಂಗಸು ಬರುವುದಿಲ್ಲ. ಅವಳು ಬಂದಳು, ಎಲ್ಲರೂ ಎದ್ದು ನಿಂತರು. ಯಾರ ಮುಖವನ್ನೂ ನೋಡದೆ ಅಂಗಳ ದಾಟಿ "ಅದೀಬ್, ಗಾಡಿ ಎಲ್ಲಿ ನಿಲ್ಸಿದೀಯ? ನನ್ನ ಮನೆಗೆ ಬಿಡು" ಎಂದಳು.

ಇಳಿಜಾರಿನಲ್ಲಿ ಅವಳ ಹಿಂದೆ ನಡೆದ. ಬಾಗಿಲು ತೆರೆದು ಕೂರಿಸಿದ, ಕೋಲನ್ನು ಹಿಂದಿನ ಸೀಟಿಗೆ ಹಾಕಿದ, ತಾನೂ ಕೂತ. ಬೀಗದ ಕೈ ತಿರುಗಿಸುವ ಧೈರ್ಯವಾಗಲಿಲ್ಲ. ಅವಳು ಎದುರಿನ ಗಾಜನ್ನು ನೋಡುತ್ತ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

"ನಮ್ಮ ಮನೇಲಿ ಮಾತ್ರ ಸಬ್ರಿ ಯಾವತ್ತೂ ಬೇಡ ಅಂದೋನಲ್ಲ" ಎಂದಳು. "ಬಂದಾಗಲೆಲ್ಲ ಎರಡು ಬಟ್ಟಲು ಕುಡೀತಿದ್ದ. ನಾನು ಕಾಫಿ ಚೆನ್ನಾಗಿ ಮಾಡ್ತೀನಿ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ."